ಕಿತ್ತ ಹಲ್ಲಿನ ಲೆಕ್ಕ ಸಾಕು, ಉಳಿಸಿದ ಹಲ್ಲಿನ ಲೆಕ್ಕ ಕೇಳಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಬಯಲುಸೀಮೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ದಂತ ಆರೋಗ್ಯಾಧಿಕಾರಿಯಾಗಿ ಬಹುಕಾಲ ಕೆಲಸ ಮಾಡಿ ನಿವೃತ್ತಳಾದವಳು ನಾನು. ಸೇವೆಯಲ್ಲಿದ್ದಷ್ಟು ದಿನ ಹೇಳಬೇಕಾದುದನ್ನು ಮಾಸಿಕ ವರದಿಯ ಷರಾ ಕಾಲಂನಲ್ಲಿ ಬರೆದೆ, ಜಿಲ್ಲಾ ಪರಿಶೀಲನಾ ಸಭೆಗಳ ಕೊನೆಯ ಐದು ನಿಮಿಷಗಳಲ್ಲಿ ಆಡಿದೆ. ತಾಯಿ-ಮಗುವಿನ ಆರೋಗ್ಯ, ಕ್ಷಯ, ಡೆಂಗಿ, ಲಸಿಕೆ ಎಲ್ಲವೂ ಮುಗಿದು ದಂತ ವಿಭಾಗದ ಸರದಿ ಬರುವಾಗ ಊಟದ ಹೊತ್ತಾಗಿರುತ್ತಿತ್ತು. ಅದರಲ್ಲಿ ಯಾರನ್ನೂ ದೂರುವಂತಿರಲಿಲ್ಲ. ಹಲ್ಲುನೋವಿನಿಂದ ಎಷ್ಟು ಜನ ಸತ್ತರು ಎಂದು ಯಾವ ಸಭೆಯಲ್ಲೂ ಯಾರೂ ಕೇಳುವುದಿಲ್ಲ. ಹಾಗೆ ಉಳಿದುಹೋದ ಮಾತುಗಳನ್ನು ಈಗ ತಮ್ಮ ಮುಂದೆಯೂ ಸಾರ್ವಜನಿಕರ ಮುಂದೆಯೂ ಇಡುತ್ತಿದ್ದೇನೆ.

ನಮ್ಮ ವಿಭಾಗದ ಹೊರರೋಗಿ ವಹಿಯಿಂದಲೇ ಆರಂಭಿಸುತ್ತೇನೆ. ಉದ್ದನೆಯ, ರಟ್ಟಿನ ಹೊದಿಕೆಯ ಪುಸ್ತಕ ಅದು. ಕ್ರಮಸಂಖ್ಯೆ, ಹೆಸರು, ವಯಸ್ಸು, ಊರು ಆದ ಮೇಲೆ ನಾನೇ ಸ್ಕೇಲಿಟ್ಟು ಗೆರೆ ಎಳೆದುಕೊಂಡ ನಾಲ್ಕು ಮನೆಗಳು: ಕಿತ್ತದ್ದು, ತುಂಬಿದ್ದು, ಶುಚಿ ಮಾಡಿದ್ದು, ಇತರೆ. ಯಾವ ತಿಂಗಳ ಪುಟ ತೆರೆದರೂ ಮೊದಲ ಮನೆ ತುಂಬಿ ಪಕ್ಕಕ್ಕೆ ಚೆಲ್ಲುತ್ತಿತ್ತು, ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು ಗುರುತು. ಜನರ ಬಾಯಿಯಲ್ಲಿ ನನ್ನ ಕೋಣೆಗೆ ‘ಹಲ್ಲು ಕೀಳೋ ರೂಮು’ ಎಂಬ ಹೆಸರೇ ಇತ್ತು. ಗೋಡೆಯ ಮೇಲಿದ್ದ ‘ದಂತ ಆರೋಗ್ಯ ವಿಭಾಗ’ ಎಂಬ ಫಲಕಕ್ಕಿಂತ ಆ ಹೆಸರು ಹೆಚ್ಚು ಪ್ರಾಮಾಣಿಕವಾಗಿತ್ತು ಎಂದು ಇಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಹೀಗೇಕಾಗುತ್ತದೆ ಎಂಬುದಕ್ಕೆ ವೈದ್ಯರ ಸೋಮಾರಿತನವನ್ನು ಕಾರಣವಾಗಿ ಹೇಳುವವರುಂಟು. ಕೋಣೆಯೊಳಗಿನ ಲೆಕ್ಕ ಬೇರೆಯೇ ಇದೆ. ಒಂದು ಹಲ್ಲು ಕೀಳಲು ಮರಗಟ್ಟಿಸುವ ಒಂದು ಚುಚ್ಚುಮದ್ದು, ಒಂದೆರಡು ಇಕ್ಕಳ, ಹತ್ತಿ, ಹತ್ತು-ಹದಿನೈದು ನಿಮಿಷ ಸಾಕು. ಕರೆಂಟು ಹೋದರೂ ಕಿಟಕಿಯ ಬೆಳಕಿನಲ್ಲಿ ಕೆಲಸ ನಡೆಯುತ್ತದೆ. ಅದೇ ಹಲ್ಲನ್ನು ಕೊರೆದು ತುಂಬಿ ಉಳಿಸಬೇಕಾದರೆ ಕುರ್ಚಿ ಕೆಲಸ ಮಾಡುತ್ತಿರಬೇಕು, ಕಂಪ್ರೆಸರ್ ಗಾಳಿ ಕೊಡುತ್ತಿರಬೇಕು, ಕೊರೆಯುವ ಹ್ಯಾಂಡ್‌ಪೀಸಿಗೆ ನೀರು ಬರುತ್ತಿರಬೇಕು, ಉಗುಳು ಎಳೆಯುವ ಕೊಳವೆ ಕಟ್ಟಿಕೊಂಡಿರಬಾರದು, ತುಂಬುವ ಸಿಮೆಂಟ್ ದಾಸ್ತಾನಿನಲ್ಲಿರಬೇಕು, ಇವೆಲ್ಲ ಕೂಡಿಬಂದ ಮೇಲೂ ಅರ್ಧ ಗಂಟೆ ಬೇಕು. ನಮ್ಮಲ್ಲಿ ಕಂಪ್ರೆಸರ್ ಕೆಟ್ಟರೆ ರಿಪೇರಿಯವನು ಜಿಲ್ಲಾ ಕೇಂದ್ರದಿಂದ ಬರಬೇಕಿತ್ತು. ಒಮ್ಮೆ ಅವನು ಬರಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳೂ ನಾನು ಹಲ್ಲು ಕಿತ್ತೆ. ಕಿತ್ತ ಪ್ರತಿ ಹಲ್ಲೂ ತಿಂಗಳ ವರದಿಯಲ್ಲಿ ‘ಸಾಧನೆ’ ಎಂಬ ತಲೆಬರಹದ ಕೆಳಗೇ ಹೋಯಿತು.

ಆ ತಲೆಬರಹವೇ ಈ ಪತ್ರದ ಮೂಲ. ಹಲ್ಲು ಕೀಳುವುದು ದಂತ ವೈದ್ಯದಲ್ಲಿ ಬೇರೆ ದಾರಿ ಇಲ್ಲದಾಗ ಮಾಡುವ ಕೆಲಸ. ಅದನ್ನೇ ಸಾಧನೆಯೆಂದು ಎಣಿಸುವ ವ್ಯವಸ್ಥೆಗೆ ಎಷ್ಟು ಹೊಸ ಕುರ್ಚಿ ಕೊಟ್ಟರೂ ಅದು ಇನ್ನಷ್ಟು ಹಲ್ಲು ಕಿತ್ತು ತೋರಿಸುತ್ತದೆ, ಅಷ್ಟೆ.

ಹಲ್ಲುಗಳಲ್ಲೆಲ್ಲ ಒಂದು ಹಲ್ಲಿನ ಬಗ್ಗೆ ತಮ್ಮ ಗಮನವನ್ನು ವಿಶೇಷವಾಗಿ ಬೇಡುತ್ತೇನೆ. ಮಗುವಿಗೆ ಆರು ವರ್ಷ ತುಂಬುವ ಆಸುಪಾಸಿನಲ್ಲಿ, ಹಾಲುಹಲ್ಲುಗಳೆಲ್ಲ ಇನ್ನೂ ಬಾಯಲ್ಲಿರುವಾಗಲೇ, ಅವುಗಳ ಹಿಂದೆ, ಮೇಲೆ ಎರಡು ಕೆಳಗೆ ಎರಡು, ಶಾಶ್ವತವಾದ ದವಡೆ ಹಲ್ಲುಗಳು ಮೂಡುತ್ತವೆ. ಯಾವ ಹಾಲುಹಲ್ಲೂ ಬಿದ್ದು ಜಾಗ ಬಿಡದೆ ಸದ್ದಿಲ್ಲದೆ ಹುಟ್ಟುವ ಇವುಗಳನ್ನು ತಾಯಿತಂದೆಯರು ಹಾಲುಹಲ್ಲೆಂದೇ ತಿಳಿಯುತ್ತಾರೆ. ಇವುಗಳ ಮೇಲ್ಭಾಗದ ಗೀರುಗಳು ಆಳ; ಹೊಸದಾಗಿ ಮೂಡಿದಾಗ ಹೊರಕವಚ ಪೂರ್ತಿ ಬಲಿತಿರುವುದಿಲ್ಲ; ಮಗುವಿನ ಬ್ರಷ್ ಅಷ್ಟು ಹಿಂದಕ್ಕೆ ತಲುಪುವುದಿಲ್ಲ. ಹಾಗಾಗಿ ಬಾಯಿಯಲ್ಲಿ ಎಲ್ಲಕ್ಕಿಂತ ಮೊದಲು ಹುಳುಕು ಹಿಡಿಯುವ ಶಾಶ್ವತ ಹಲ್ಲು ಸಾಮಾನ್ಯವಾಗಿ ಇದೇ ಆಗಿರುತ್ತದೆ. ಎಂಟು-ಒಂಬತ್ತು ವರ್ಷದ ಒಬ್ಬ ಹುಡುಗಿಯನ್ನು ಅವಳ ಅಪ್ಪ, ಕಲ್ಲು ಕ್ವಾರಿಯ ಕೂಲಿಯವರು, ಕೆನ್ನೆ ಊದಿಸಿಕೊಂಡ ಸ್ಥಿತಿಯಲ್ಲಿ ಕರೆತಂದಿದ್ದರು. ರಾತ್ರಿಯಿಡೀ ಲವಂಗ ಕಚ್ಚಿಸಿ ಕೂರಿಸಿದ್ದರಂತೆ. ಹುಡುಗಿಯ ಕೆಳತುಟಿ ಆ ಖಾರಕ್ಕೆ ಸುಲಿದುಹೋಗಿತ್ತು. “ಹಾಲುಹಲ್ಲೇ ಅಲ್ವಾ ಡಾಕ್ಟ್ರಮ್ಮ, ಕಿತ್ತಾಕ್ಬಿಡಿ, ಇನ್ನೊಂದು ಬರ್ತದೆ” ಎಂದರು. ಅದು ಹಾಲುಹಲ್ಲಲ್ಲ, ಇನ್ನೊಂದು ಬರುವುದಿಲ್ಲ ಎಂದು ನಾನು ಹೇಳಿದಾಗ ಆ ಮನುಷ್ಯ ಮಗಳ ಮುಖ ನೋಡಲಿಲ್ಲ, ತನ್ನ ಕೈ ನೋಡಿಕೊಂಡರು. ಬೇರಿನ ಚಿಕಿತ್ಸೆ ಮಾಡಿಸಲು ಖಾಸಗಿಯಲ್ಲಿ ಅವರ ಕೆಲವು ವಾರಗಳ ಕೂಲಿ ಬೇಕಾಗುತ್ತಿತ್ತು. ನಾನು ಹಲ್ಲು ಕಿತ್ತೆ. ವಹಿಯಲ್ಲಿ ಒಂದು ಗುರುತು ಹಾಕಿದೆ.

ಆ ಹುಡುಗಿಯನ್ನು ಅದಕ್ಕೂ ಮೊದಲು ಸರ್ಕಾರ ನೋಡಿರಲಿಲ್ಲವೇ? ನೋಡಿತ್ತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿಯಲ್ಲೂ ಶಾಲೆಯಲ್ಲೂ ತಪಾಸಣೆ ಮಾಡುತ್ತದೆ. ಅದರ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗಳದ ಜೊತೆಗೆ ಹುಳುಕು ಹಲ್ಲೂ ಇದೆ. ತಂಡದವರು ಅವಳ ಬಾಯಿ ನೋಡಿದ್ದರು, ಹುಳುಕು ಎಂದು ಬರೆದಿದ್ದರು, ತಾಲ್ಲೂಕು ಆಸ್ಪತ್ರೆಗೆ ಹೋಗಿ ಎಂದು ಚೀಟಿಯನ್ನೂ ಕೊಟ್ಟಿದ್ದರು. ಚೀಟಿ ಅವಳ ಪಾಟಿಚೀಲದ ತಳದಲ್ಲಿ ನಾಲ್ಕು ಮಡಿಕೆಯಾಗಿ ಉಳಿದಿತ್ತು. ನೋವಿಲ್ಲದ ಹಲ್ಲಿಗಾಗಿ ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ, ಸಾಲಿನಲ್ಲಿ ನಿಲ್ಲಲು ಯಾವ ಕೂಲಿಕಾರನೂ ಬರುವುದಿಲ್ಲ. ಬರಬೇಕಿತ್ತು ಎಂದು ಉಪದೇಶಿಸುವ ಹಕ್ಕು ಇಲಾಖೆಗಿಲ್ಲ. ರೋಗ ಪತ್ತೆಯಾದ ಜಾಗದಲ್ಲೇ, ಅಂದರೆ ಶಾಲೆಯ ಬೆಂಚಿನ ಮೇಲೆಯೇ, ಚಿಕಿತ್ಸೆ ಮುಗಿಸುವ ವಿಧಾನ ಇದ್ದೂ ನಾವು ಚೀಟಿ ಕೊಡುತ್ತಿದ್ದೇವೆ.

ಆ ವಿಧಾನಗಳು ಹೊಸವೂ ಅಲ್ಲ, ದುಬಾರಿಯೂ ಅಲ್ಲ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ, ವಿದ್ಯುತ್ತಿಲ್ಲದ ಊರುಗಳಿಗೆಂದೇ ರೂಪುಗೊಂಡ ಒಂದು ಪದ್ಧತಿಯಲ್ಲಿ ಯಂತ್ರದಿಂದ ಕೊರೆಯುವುದಿಲ್ಲ. ಕೈ ಉಪಕರಣದಿಂದ ಹುಳುಕಿನ ಮೆತ್ತನೆಯ ಭಾಗವನ್ನು ಕೆರೆದು ತೆಗೆದು, ಗ್ಲಾಸ್ ಅಯೋನೋಮರ್ ಎಂಬ ಸಿಮೆಂಟನ್ನು ಬೆರಳಿನಿಂದ ಒತ್ತಿ ತುಂಬುತ್ತಾರೆ. ಬಹುಪಾಲು ಮಕ್ಕಳಿಗೆ ಚುಚ್ಚುಮದ್ದೂ ಬೇಡ. ಇನ್ನೊಂದು, ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರಾವಣ. ಹುಳುಕಿನ ಮೇಲೆ ಒಂದು ಹನಿ ಸವರಿದರೆ ಬಹಳಷ್ಟು ಹಲ್ಲುಗಳಲ್ಲಿ ಹುಳುಕು ಅಲ್ಲಿಗೇ ನಿಲ್ಲುತ್ತದೆ. ವರ್ಷಕ್ಕೆ ಎರಡು ಸಲ ಸವರಬೇಕು. ಹುಳುಕಿದ ಭಾಗ ಕಪ್ಪಾಗುವುದು ಇದರ ದೋಷ. ಬಾಯಿಯ ಮುಂಭಾಗದ ಹಲ್ಲಿಗೆ ಹಚ್ಚುವ ಮೊದಲು ತಾಯಿಗೆ ಬಿಡಿಸಿ ಹೇಳಲೇಬೇಕು, ಇಲ್ಲವಾದರೆ ಮರುದಿನ ಶಾಲೆಯ ಬಾಗಿಲಲ್ಲಿ ಜಗಳ ಖಂಡಿತ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಅತ್ಯಗತ್ಯ ಔಷಧಗಳ ಮಾದರಿ ಪಟ್ಟಿಯಲ್ಲಿ ಈ ಎರಡನ್ನೂ, ಜೊತೆಗೆ ಫ್ಲೋರೈಡ್ ಇರುವ ಟೂತ್‌ಪೇಸ್ಟನ್ನೂ ಸೇರಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಅಧಿವೇಶನ ಬಾಯಿಯ ಆರೋಗ್ಯದ ಬಗ್ಗೆ ನಿರ್ಣಯ ಅಂಗೀಕರಿಸಿ, ರೋಗ ಬಂದ ಮೇಲೆ ಓಡುವುದನ್ನು ಬಿಟ್ಟು ಬರದಂತೆ ತಡೆಯುವ ಕಡೆಗೆ ಹೊರಳಬೇಕೆಂದು ಸದಸ್ಯ ದೇಶಗಳನ್ನು ಕೇಳಿತು. ನನ್ನ ಸೇವೆಯ ಉದ್ದಕ್ಕೂ ಗ್ಲಾಸ್ ಅಯೋನೋಮರ್ ಬೇಕಾದಾಗಲೆಲ್ಲ ಆರೋಗ್ಯ ರಕ್ಷಾ ಸಮಿತಿಯ ಹಣಕ್ಕಾಗಿ ಟಿಪ್ಪಣಿ ಬರೆದು ಕಾಯಬೇಕಾಗಿತ್ತು. ಪ್ಯಾರಸಿಟಮಾಲ್ ಬರುವ ಹಾಗೆ ಅದು ಉಗ್ರಾಣದಿಂದ ತಾನಾಗಿ ಬರುತ್ತಿರಲಿಲ್ಲ.

ಈಗ ಬದುಕಿನ ಇನ್ನೊಂದು ತುದಿಗೆ ಬರುತ್ತೇನೆ. ನಮ್ಮ ರಾಜ್ಯ 2014-15ರಲ್ಲಿ ದಂತಭಾಗ್ಯ ಎಂಬ ಯೋಜನೆ ತಂದು, ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ, ಹಲ್ಲು ಪೂರ್ತಿ ಉದುರಿದ ಹಿರಿಯರಿಗೆ ದಂತ ಕಾಲೇಜುಗಳ ಸಹಯೋಗದಲ್ಲಿ ಉಚಿತವಾಗಿ ಹಲ್ಲುಸೆಟ್ ಕಟ್ಟಿಸಿಕೊಡಲು ಮುಂದಾಯಿತು. ಬಡವರ ಬಾಯಿಯ ಕಡೆಗೆ ಒಂದು ಸರ್ಕಾರ ನೋಡಿತು ಎಂಬುದೇ ಆಗ ನಮಗೆಲ್ಲ ಹೆಮ್ಮೆಯ ಸಂಗತಿಯಾಗಿತ್ತು. ಆ ಯೋಜನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹಲ್ಲುಸೆಟ್ ಕನ್ನಡಕದಂತೆ ಒಂದೇ ದಿನ ಕೊಟ್ಟು ಕಳಿಸುವ ವಸ್ತುವಲ್ಲ. ಅಚ್ಚು ತೆಗೆಯಲು ಒಂದು ಸಲ, ಮೇಲ್ದವಡೆ ಕೆಳದವಡೆ ಕೂಡುವ ಅಳತೆ ನೋಡಲು ಒಂದು ಸಲ, ಮೇಣದ ಮೇಲೆ ಹಲ್ಲು ಜೋಡಿಸಿ ಪರೀಕ್ಷಿಸಲು ಒಂದು ಸಲ, ಕೊಡಲು ಒಂದು ಸಲ, ಒತ್ತಿದ ಜಾಗ ಉಜ್ಜಿ ಸರಿಪಡಿಸಲು ಒಂದೆರಡು ಸಲ ಅವರು ಬರಬೇಕು. ಎಪ್ಪತ್ತು ದಾಟಿದವರು ಅಷ್ಟು ದೂರದ ಕಾಲೇಜಿಗೆ ಐದು ಸಲ ಯಾರ ಜೊತೆ ಹೋಗುತ್ತಾರೆ? ಕೊನೆಯ ಭೇಟಿಗಳು ತಪ್ಪುತ್ತವೆ, ಸೆಟ್ಟು ಒಸಡನ್ನು ಒತ್ತುತ್ತದೆ, ಹುಣ್ಣಾಗುತ್ತದೆ. ನಮ್ಮ ಕಡೆಯ ಒಬ್ಬ ಅಜ್ಜಿ ತನ್ನ ಹಲ್ಲುಸೆಟ್ಟನ್ನು ಎಲೆಅಡಿಕೆ ಚೀಲದಲ್ಲಿ, ಸುಣ್ಣದ ಡಬ್ಬಿಯ ಪಕ್ಕ, ಹಳೇ ಕರವಸ್ತ್ರದಲ್ಲಿ ಸುತ್ತಿ ಇಟ್ಟುಕೊಂಡಿದ್ದಳು. “ಮದುವೆಗೆ ಹೋದಾಗ ಹಾಕ್ಕೊಳ್ತೀನವ್ವಾ. ಮುದ್ದೆ ನುಂಗಾಕೆ ಹಲ್ಲು ಯಾಕೆ?” ಎಂದು ನನ್ನನ್ನೇ ಕೇಳಿದಳು. ಮುದ್ದೆಯ ಸೀಮೆಯಲ್ಲಿ ಈ ಮಾತಿಗೆ ಉತ್ತರ ಹೇಳುವುದು ಕಷ್ಟ. ಮುದ್ದೆ ನುಂಗಬಹುದು ನಿಜ. ಕಾಳು, ಸೊಪ್ಪಿನ ದಂಟು, ಕಡಲೆಕಾಯಿ, ಮಾಂಸ ಒಂದೊಂದಾಗಿ ತಟ್ಟೆಯಿಂದ ಜಾರಿಹೋದ ಮೇಲೆ ಉಳಿಯುವುದು ಹಿಟ್ಟು ಮತ್ತು ನೀರು ಸಾರು ಮಾತ್ರ, ಸಕ್ಕರೆ ಕಾಯಿಲೆ ಇದ್ದ ಮುದುಕಿಗೆ ಅದರಿಂದ ಆಗುವುದೇನೆಂದು ಪಕ್ಕದ ಕೋಣೆಯ ಫಿಜಿಷಿಯನ್ ಹೇಳಬಲ್ಲರು.

ಹಲ್ಲು ಹೋದ ಮೇಲೆ ಕೊಡುವುದಕ್ಕೆ ಒಂದು ಭಾಗ್ಯವಿದೆ; ಹೋಗದಂತೆ ನೋಡಿಕೊಳ್ಳುವುದಕ್ಕೆ ಅಂಥ ಹೆಸರಿನ, ಅಂಥ ಮುಖಬೆಲೆಯ ಯೋಜನೆ ಇಲ್ಲ. ಕೇಂದ್ರದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮವೂ ಅದೇ 2014-15ರಲ್ಲಿ ಆರಂಭವಾಯಿತು. ಅದರ ಹಣದಲ್ಲಿ ಕುರ್ಚಿ, ಉಪಕರಣಗಳು ಬಂದಿವೆ, ಗೋಡೆಗೆ ಅಂಟಿಸುವ ಚಿತ್ರಪಟಗಳೂ ಬಂದಿವೆ. 2018ರಿಂದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ, ಈಗ ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿ ಹೆಸರು ಪಡೆದಿರುವ ಉಪಕೇಂದ್ರಗಳಲ್ಲಿ ಕೊಡಬೇಕಾದ ಹನ್ನೆರಡು ಸೇವೆಗಳ ಪೈಕಿ ಬಾಯಿಯ ಆರೋಗ್ಯವೂ ಒಂದು. ಕಾಗದದ ಮೇಲೆ ಹಲ್ಲು ಎಲ್ಲ ಕಡೆ ಇದೆ. ಕೊನೆಯಲ್ಲಿ ಅದರ ಹೊಣೆ ಹೊತ್ತು ಒಂದು ಊರಿನ ಮಕ್ಕಳ ಬಾಯಿ ಈ ವರ್ಷ ಹೋದ ವರ್ಷಕ್ಕಿಂತ ಹೇಗಿದೆ ಎಂದು ಹೇಳಬಲ್ಲ ಒಬ್ಬ ವ್ಯಕ್ತಿ ಮಾತ್ರ ತಾಲ್ಲೂಕಿನಲ್ಲಿ ಸಿಗುವುದಿಲ್ಲ. ನನ್ನನ್ನು ಕೇಳಿದ್ದರೆ ನಾನೂ ಹೇಳಲಾಗುತ್ತಿರಲಿಲ್ಲ.

ಮಾನ್ಯರೇ, ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಮಕ್ಕಳು ಅಲ್ಲಿ ಕೈ ತೊಳೆದು ಉಣ್ಣುವುದನ್ನು ಕಲಿತಿದ್ದಾರೆ, ಹಾಲು ಕುಡಿಯುತ್ತಾರೆ. ಊಟವಾದ ಮೇಲೆ ಕಾರ್ಯಕರ್ತೆಯ ಕಣ್ಣೆದುರಿಗೆ ಎರಡು ನಿಮಿಷ ಹಲ್ಲುಜ್ಜುವುದನ್ನು ದಿನಚರಿಗೆ ಸೇರಿಸಿದರೆ ಯಾವ ಭಾಷಣವೂ ಮಾಡಲಾರದ ಕೆಲಸವಾಗುತ್ತದೆ. ಫಿಲಿಪ್ಪೀನ್ಸ್‌ನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಸಾಲಾಗಿ ನಿಂತು ಸೋಪಿನಿಂದ ಕೈ ತೊಳೆದು, ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುವ ಪದ್ಧತಿ ವರ್ಷಗಳಿಂದ ನಡೆದುಬಂದಿದೆ; ಸ್ಕಾಟ್ಲೆಂಡಿನ ಶಿಶುವಿಹಾರಗಳಲ್ಲಿ ಇಂಥದೇ ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳ ದಂತ ಚಿಕಿತ್ಸೆಯಲ್ಲಿ ಉಳಿದ ಹಣ ಕಾರ್ಯಕ್ರಮದ ಖರ್ಚನ್ನೇ ಮೀರಿಸಿತು. ಒಂದು ಬ್ರಷ್, ಕಡಲೆಕಾಳಿನಷ್ಟು ಪೇಸ್ಟು, ಮೂರು ವರ್ಷದೊಳಗಿನ ಮಗುವಿಗಾದರೆ ಅಕ್ಕಿಕಾಳಿನಷ್ಟು, ಇದಿಷ್ಟೇ ಬೇಕಾದ ಸಾಮಗ್ರಿ. 2025ರ ಸೆಪ್ಟೆಂಬರಿನಲ್ಲಿ ಟೂತ್‌ಪೇಸ್ಟ್ ಮತ್ತು ಬ್ರಷ್‌ಗಳ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿದಿರುವುದರಿಂದ ಖರೀದಿಯ ಲೆಕ್ಕವೂ ಹಗುರವಾಗಿದೆ. ಅಂಗನವಾಡಿ ಕಾರ್ಯಕರ್ತೆಯರ ಮೇಲೆ ಈಗಾಗಲೇ ಹತ್ತು ಇಲಾಖೆಗಳ ಕೆಲಸ ಬಿದ್ದಿದೆ ಎಂಬುದನ್ನು ನಾನು ಬಲ್ಲೆ, ಅವರಲ್ಲಿ ಹಲವರು ನನ್ನ ರೋಗಿಗಳೇ ಆಗಿದ್ದರು. ಆದ್ದರಿಂದ ಇದಕ್ಕೆ ಹೊಸ ವಹಿ, ಹೊಸ ಆ್ಯಪ್, ಫೋಟೋ ಕಳಿಸುವ ಕಡ್ಡಾಯ ಯಾವುದನ್ನೂ ಸೇರಿಸಬಾರದು ಎಂಬುದು ನನ್ನ ಷರತ್ತು ಎಂದೇ ತಿಳಿಯಬೇಕು.

ಇಲ್ಲಿ ನಮ್ಮ ರಾಜ್ಯಕ್ಕೇ ವಿಶಿಷ್ಟವಾದ ಒಂದು ತೊಡಕಿದೆ, ಬೆಂಗಳೂರಿನಲ್ಲಿ ಕುಳಿತು ಸುತ್ತೋಲೆ ಬರೆಯುವವರು ಅದನ್ನು ಮರೆಯುವ ಅಪಾಯವಿದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಮಿತಿ ಮೀರಿದ ಹಳ್ಳಿಗಳಿವೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದಾಗ 1.5ರವರೆಗೆ ಒಪ್ಪಬಹುದು. ಅದಕ್ಕೂ ಮೇಲಿನ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಮೊದಲು ಸೀಮೆಸುಣ್ಣದಂತೆ ಮಂಕಾಗಿ ಮೂಡುತ್ತದೆ, ಆಮೇಲೆ ಕಂದು ಪಟ್ಟೆ ಬರುತ್ತದೆ, ತೀವ್ರವಾದಾಗ ಹೊರಕವಚ ಕಿತ್ತುಬರುತ್ತದೆ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲಿ ಆದ ಹಾನಿ ಅದು. ದೊಡ್ಡವರಾದ ಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಕಾಲೇಜಿಗೆ ಸೇರಿದ ಹುಡುಗಿಯರು ಕೈಯಿಂದ ಬಾಯಿ ಮುಚ್ಚಿಕೊಂಡೇ ನನ್ನೊಡನೆ ಮಾತಾಡುತ್ತಿದ್ದರು. ಇಟ್ಟಿಗೆ ಪುಡಿಯಿಂದ ಉಜ್ಜಿ ಒಸಡು ಹರಿದುಕೊಂಡು ಬಂದವಳೂ ಇದ್ದಳು. ಇಂಥ ಊರುಗಳ ಚಿಕ್ಕ ಮಕ್ಕಳಿಗೆ ಫ್ಲೋರೈಡ್ ಪೇಸ್ಟು ಹಂಚುವ ಮೊದಲು ಆ ಊರಿನ ನೀರಿನ ವರದಿ ನೋಡಬೇಕು. ಕರಾವಳಿ, ಮಲೆನಾಡುಗಳ ಬಹುಪಾಲು ಹಳ್ಳಿಗಳಲ್ಲಿ ಈ ಹೆದರಿಕೆ ಬೇಡ. 2008-09ರಿಂದ ಫ್ಲೋರೋಸಿಸ್ ತಡೆ ಕಾರ್ಯಕ್ರಮ ಪ್ರತ್ಯೇಕವಾಗಿಯೇ ಇದೆ, ಗ್ರಾಮೀಣ ಕುಡಿಯುವ ನೀರಿನ ಇಲಾಖೆಯವರು ಊರೂರಿನ ನೀರು ಪರೀಕ್ಷಿಸುತ್ತಾರೆ. ಆ ಪರೀಕ್ಷೆಯ ಹಾಳೆ ನನ್ನ ಸೇವಾವಧಿಯಲ್ಲಿ ಒಮ್ಮೆಯೂ ನನ್ನ ಮೇಜಿಗೆ ಬರಲಿಲ್ಲ. ಎರಡು ಇಲಾಖೆಗಳ ಕಚೇರಿಗಳ ನಡುವೆ ಒಂದು ಕಾಂಪೌಂಡು ಗೋಡೆ ಇತ್ತು.

ಮಕ್ಕಳ ಹುಳುಕು ಬದುಕನ್ನು ಕುಗ್ಗಿಸುತ್ತದೆ. ಹೊಗೆಸೊಪ್ಪು ಬದುಕನ್ನೇ ತೆಗೆಯುತ್ತದೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇಕಡಾ 28.6ರಷ್ಟು ಜನ ಯಾವುದಾದರೂ ರೂಪದ ತಂಬಾಕು ಬಳಸುತ್ತಾರೆ, ಸೇದುವವರಿಗಿಂತ ಜಗಿಯುವವರೇ ಹೆಚ್ಚು. ಕರ್ನಾಟಕ 2013ರಲ್ಲೇ ಗುಟ್ಕಾ ನಿಷೇಧಿಸಿತು. ಮರುದಿನದಿಂದಲೇ ಪೆಟ್ಟಿಗೆ ಅಂಗಡಿಗಳಲ್ಲಿ ಪಾನ್ ಮಸಾಲೆಯ ಒಂದು ಪೊಟ್ಟಣ, ತಂಬಾಕಿನ ಒಂದು ಪೊಟ್ಟಣ ಜೋಡಿಯಾಗಿ ತೂಗತೊಡಗಿದವು. ಕೊಂಡವನು ಅಂಗೈಯಲ್ಲಿ ಬೆರೆಸಿಕೊಂಡರೆ ಗುಟ್ಕಾ ಸಿದ್ಧ. ಇನ್ನು ಅಡಿಕೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದ ಸಚಿವರಿಗೆ ಈ ಮಾತು ಬರೆಯುವಾಗ ನನ್ನ ಪೆನ್ನೂ ತಡೆಯುತ್ತದೆ, ನನ್ನ ತವರೇ ಅಡಿಕೆ ತೋಟದ್ದು. ಆದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕು ಸೇರದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿ ಎರಡು ದಶಕ ದಾಟಿದೆ. ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯಾಗುತ್ತಾ ಬಂದು, ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆಯನ್ನು ನಾನು ಇಪ್ಪತ್ತರ ಹುಡುಗರಲ್ಲಿ ಕಂಡಿದ್ದೇನೆ. ಲಾರಿ ಕ್ಲೀನರ್ ಒಬ್ಬ “ಮೇಡಂ, ಪಾನಿಪೂರಿ ಬಾಯೊಳಗೆ ಹೋಗ್ತಿಲ್ಲ” ಎಂದು ನಗುತ್ತಾ ಬಂದಿದ್ದ. ಅವನ ಬಾಯಲ್ಲಿ ಎರಡು ಬೆರಳು ಕಷ್ಟಪಟ್ಟು ಹಿಡಿದವು.

ಬೆರಳಿನ ಈ ಪರೀಕ್ಷೆಯನ್ನು ಪ್ರತಿ ಆಶಾ ಕಾರ್ಯಕರ್ತೆಗೂ ಕಲಿಸಬಹುದು. ರೋಗಿ ತನ್ನದೇ ಮೂರು ಬೆರಳುಗಳನ್ನು ನೆಟ್ಟಗೆ ಒಂದರ ಮೇಲೊಂದಾಗಿ ಬಾಯೊಳಗೆ ಇಡಲು ಆಗದಿದ್ದರೆ, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರ ಕಳೆದರೂ ಮಾಯದ ಹುಣ್ಣಿದ್ದರೆ ಅವರನ್ನು ಕಳಿಸಬೇಕು. ಒಂದು ಟಾರ್ಚು, ಒಂದು ಮರದ ಪಟ್ಟಿ ಸಾಕು. ಮೂವತ್ತು ದಾಟಿದವರೆಲ್ಲರ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿದೆ. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಚಾಲನೆ ಪಡೆದ ನಮ್ಮದೇ ಗೃಹ ಆರೋಗ್ಯ ಯೋಜನೆಯಲ್ಲೂ ಬಾಯಿಯ ಕ್ಯಾನ್ಸರ್ ಸೇರಿದೆ. ಮನೆ ಬಾಗಿಲಿಗೆ ಹೋಗುವ ಈ ಕ್ರಮವನ್ನು ನಾನು ಮನಸಾರೆ ಮೆಚ್ಚುತ್ತೇನೆ. ನನ್ನ ಆತಂಕವಿರುವುದು ಮುಂದಿನ ಹೆಜ್ಜೆಯಲ್ಲಿ. ಆಶಾ ಕಳಿಸಿದ ರೋಗಿ ನನ್ನ ಮುಂದೆ ಕುಳಿತ. ಮಚ್ಚೆ ಅನುಮಾನ ತರಿಸುವಂತಿದೆ. ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು. ಆ ಚೂರು ತೆಗೆಯುವುದು ಯಾವ ದಂತ ವೈದ್ಯರಿಗೂ ಬರುವ ಕೆಲಸ. ಆದರೆ ಅದನ್ನು ಫಾರ್ಮಲಿನ್ ಸೀಸೆಯಲ್ಲಿ ಹಾಕಿ ಎಲ್ಲಿಗೆ, ಯಾರ ಕೈಯಲ್ಲಿ, ಯಾವ ಲೆಕ್ಕಶೀರ್ಷಿಕೆಯಲ್ಲಿ ಕಳಿಸುವುದು? ನಾನು ಕೆಲವು ಸೀಸೆಗಳನ್ನು ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ನಿಲ್ದಾಣದಲ್ಲಿ ನನ್ನ ಸಹಪಾಠಿಯೊಬ್ಬರು ಇಳಿಸಿಕೊಳ್ಳುವಂತೆ ಮಾಡಿದ್ದುಂಟು. ಸ್ನೇಹದ ಮೇಲೆ ನಡೆದದ್ದನ್ನು ಕಾರ್ಯಕ್ರಮ ಎನ್ನಲಾಗದು. ಉಳಿದವರನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಎಂದು ಬರೆದು ಕಳಿಸಿದೆ. ಆ ಹೆಸರು ಕೇಳಿದ ಕೂಡಲೇ ಅರ್ಧ ಜನ ದೇವರ ಮೊರೆ ಹೋಗಿ, ಆರು ತಿಂಗಳ ನಂತರ ಕತ್ತಿನಲ್ಲಿ ಗಂಟು ಕಟ್ಟಿಕೊಂಡು ಬಂದರು.

ಇದಕ್ಕೆ ಬೇಕಾದ ಪ್ರಯೋಗಾಲಯಗಳು ರಾಜ್ಯದಲ್ಲಿ ಇಲ್ಲವೆಂದಲ್ಲ. ಮಣಿಪಾಲದ ಖಾಸಗಿ ದಂತ ಕಾಲೇಜು 1965ರಲ್ಲೇ ಆರಂಭವಾಯಿತು. ಈಗ ರಾಜ್ಯದಲ್ಲಿ ನಲವತ್ತರಷ್ಟು ದಂತ ಕಾಲೇಜುಗಳಿವೆ. ಒಂದೊಂದರಲ್ಲೂ ಬಾಯಿಯ ರೋಗನಿದಾನ ವಿಭಾಗವಿದೆ, ಸಾರ್ವಜನಿಕ ದಂತ ಆರೋಗ್ಯ ವಿಭಾಗವಿದೆ, ನಾಲ್ಕು ವರ್ಷ ಓದಿ ಒಂದು ವರ್ಷದ ತರಬೇತಿಯಲ್ಲಿರುವ ಹುಡುಗ ಹುಡುಗಿಯರಿದ್ದಾರೆ. ಅವರು ಹಳ್ಳಿಗೆ ಬರುವುದು ಶಿಬಿರದ ದಿನ ಮಾತ್ರ. ಶಾಮಿಯಾನ, ಬ್ಯಾನರ್, ಉದ್ಘಾಟನೆ, ಇನ್ನೂರು ಜನರ ತಪಾಸಣೆ, ಸಂಜೆ ನಾಲ್ಕಕ್ಕೆ ಬಸ್ಸು. ಮರುದಿನ ಆ ಇನ್ನೂರು ಜನ ನನ್ನ ಕೋಣೆಯ ಮುಂದೆ ಇರುತ್ತಿದ್ದರು, ಕೈಯಲ್ಲಿ ಒಂದೊಂದು ಚೀಟಿ. ಪ್ರತಿ ಕಾಲೇಜಿಗೂ ಇಂತಿಷ್ಟು ತಾಲ್ಲೂಕುಗಳೆಂದು ಹಂಚಿಕೊಟ್ಟು, ಆ ತಾಲ್ಲೂಕಿನ ಒಂದನೇ ತರಗತಿಯ ಮಕ್ಕಳ ಬಾಯಿ, ಅಲ್ಲಿಂದ ಬರುವ ಅನುಮಾನದ ಚೂರುಗಳು, ಅಲ್ಲಿನ ಹಿರಿಯರ ಹಲ್ಲುಸೆಟ್ಟಿನ ಕೊನೆಯ ಎರಡು ಭೇಟಿಗಳು ಇಷ್ಟೂ ಆ ಕಾಲೇಜಿನ ಹೊಣೆ ಎಂದು ಆದೇಶಿಸಿದರೆ, ಅಚ್ಚು ತೆಗೆದವರೇ ನಮ್ಮ ತಾಲ್ಲೂಕು ಆಸ್ಪತ್ರೆಗೆ ಬಂದು ಸೆಟ್ಟು ಉಜ್ಜಿ ಕೊಟ್ಟು ಹೋಗುವಂತಾಗುತ್ತದೆ. ಕಾಲೇಜುಗಳ ಆಡಳಿತ ಮಂಡಳಿಗಳು ಗೊಣಗಬಹುದು. ಕಲಿಯಲು ರೋಗಿಗಳಿಲ್ಲವೆಂದು ಗೊಣಗುವ ವಿದ್ಯಾರ್ಥಿಗಳು ಖಂಡಿತ ಗೊಣಗುವುದಿಲ್ಲ.

ಹಣದ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಂಥ ವಿಮೆ ಮಾದರಿಯ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಕಾಯಿಲೆಗಳಿಗೆ ಹೊಂದಿಕೊಂಡವು. ಹುಳುಕು ತುಂಬಿಸಲು ಯಾರೂ ದಾಖಲಾಗುವುದಿಲ್ಲ, ಹಾಗಾಗಿ ಈ ರೋಗದ ಖರ್ಚು ಬಹುತೇಕ ಬಡವನ ಜೇಬಿನಿಂದಲೇ ಹೋಗುತ್ತದೆ, ಅಥವಾ ಹಲ್ಲೇ ಹೋಗುತ್ತದೆ. ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಯಾವುದಾದರೊಂದು ಕಾಯಿಲೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಹೇಳಿತು. ಇಷ್ಟು ವ್ಯಾಪಕವಾದ ರೋಗವನ್ನು ಕುರ್ಚಿಯ ಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಗೆಲ್ಲುವಷ್ಟು ವೈದ್ಯರು ಯಾವ ಸರ್ಕಾರದ ಬಳಿಯೂ ಇಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಹೊಸ ಕಟ್ಟಡ ಅಥವಾ ಹೊಸ ಹುದ್ದೆಗಳಿಂದ ಆರಂಭವಾಗುವುದಿಲ್ಲ, ಖಾಲಿ ಹುದ್ದೆ ತುಂಬುವುದು ಹೇಗೂ ಆಗಬೇಕಾದದ್ದೇ. ಮೊದಲು ಮಾಸಿಕ ವರದಿಯ ನಮೂನೆ ಬದಲಾಗಲಿ: ಪ್ರತಿ ತಾಲ್ಲೂಕಿನ ದಂತ ಆರೋಗ್ಯಾಧಿಕಾರಿಯನ್ನು ಕಿತ್ತ ಹಲ್ಲೆಷ್ಟು ಎಂದು ಕೇಳುವ ಬದಲು, ಒಂದನೇ ತರಗತಿಯ ಎಷ್ಟು ಮಕ್ಕಳ ಆರನೇ ವರ್ಷದ ದವಡೆ ಹಲ್ಲನ್ನು ಈ ತಿಂಗಳು, ಅದರ ಗೀರುಗಳನ್ನು ಸಿಮೆಂಟಿನಿಂದ ಮುಚ್ಚಿ, ಕಾಪಾಡಿದಿರಿ, ಅದೇ ಮಕ್ಕಳು ಏಳನೇ ತರಗತಿಗೆ ಬಂದಾಗ ಅವುಗಳಲ್ಲಿ ಎಷ್ಟು ಉಳಿದಿವೆ ಎಂದು ಕೇಳಿ. ಗ್ಲಾಸ್ ಅಯೋನೋಮರ್, ಸಿಲ್ವರ್ ಡೈಅಮೀನ್ ಫ್ಲೋರೈಡ್ ಎರಡೂ ಉಗ್ರಾಣದ ಖಾಯಂ ಪಟ್ಟಿಗೆ ಸೇರಲಿ. ಬಾಲ ಸ್ವಾಸ್ಥ್ಯ ತಂಡ ಶಾಲೆಗೆ ಹೋಗುವ ದಿನ ದಂತ ವೈದ್ಯರು ಕೈಚೀಲದೊಡನೆ ಜೊತೆಗೆ ಹೋಗಲು ವಾರಕ್ಕೊಂದು ದಿನ ಹೊರರೋಗಿ ವಿಭಾಗ ಮುಚ್ಚುವ ಅಧಿಕೃತ ಅನುಮತಿ ಸಿಗಲಿ. ನಾನು ಒಂದು ವರ್ಷ ಇದನ್ನು ಬಾಯಿಮಾತಿನ ಒಪ್ಪಿಗೆಯ ಮೇಲೆ ಮಾಡಿದೆ. ಮೇಲಧಿಕಾರಿ ವರ್ಗವಾದ ಮೇಲೆ ಹೊಸಬರು ‘ಗೈರುಹಾಜರಿ’ಗೆ ವಿವರಣೆ ಕೇಳಿ ನೋಟಿಸು ಕೊಟ್ಟರು.

ಶಾಲೆಗಳು ಜೂನ್ ಹೊತ್ತಿಗೆ ತೆರೆಯುತ್ತವೆ. ಅಂದು ಒಂದನೇ ತರಗತಿಗೆ ಬರುವ ಮಕ್ಕಳ ಬಾಯಿಯ ಹಿಂಬದಿಯಲ್ಲಿ ಆ ನಾಲ್ಕು ಹಲ್ಲುಗಳು ಒಸಡು ಸೀಳಿಕೊಂಡು ಆಗತಾನೆ ತಲೆ ಹಾಕುತ್ತಿರುತ್ತವೆ. ಅಷ್ಟರೊಳಗೆ ಒಂದೇ ಒಂದು ತಾಲ್ಲೂಕನ್ನು ತಾವು ಆರಿಸಿಕೊಟ್ಟು, ಅಲ್ಲಿ ಈ ಕ್ರಮವನ್ನು ಪರೀಕ್ಷಿಸಲು ಆದೇಶಿಸುವುದಾದರೆ, ಮೊದಲ ವರ್ಷ ಜೊತೆಗಿದ್ದು ಕಿರಿಯ ವೈದ್ಯರಿಗೆ ಕೈಗೆಲಸ ತೋರಿಸಿಕೊಡಲು ನಾನು ಸಿದ್ಧಳಿದ್ದೇನೆ. ಗೌರವಧನ ಬೇಡ. ಉಪಕರಣದ ಪೆಟ್ಟಿಗೆ ನನ್ನದೇ ಇದೆ, ಸಿಮೆಂಟು ಮಾತ್ರ ಇಲಾಖೆ ಕೊಡಬೇಕಾಗುತ್ತದೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ದಂತ ಆರೋಗ್ಯಾಧಿಕಾರಿ